ಆಲೆಮನೆಗಾಗಿ ಮಾಡಿದ ಆಣೆ

ಬಿಳಿಗೆರೆ ಹೋಬಳಿ, ನಂಜನಗೂಡು ತಾಲ್ಲೂಕು
13–1–2000, ಗುರುವಾರ

ಚಿ. ಸೌ. ಅರ್ಪಿತಳಿಗೆ ನಿನ್ನ ಅಜ್ಜಿ ಚನ್ನಾಜಮ್ಮ ಮನಸಾರೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಲ್ಲರೂ ಎದ್ದು ಓಡಾಡುತ್ತಿದ್ದೇವೆ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇವೆ. ಅದು ಕ್ಷೇಮವೋ ಅಲ್ಲವೋ ನೀನೇ ಓದಿ ನೋಡು. ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈದುಕೊ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಫೋನ್ ಇದೆಯಲ್ಲ ಎನ್ನಬೇಡ. ಅದನ್ನು ನಿನ್ನಪ್ಪ ನಡುಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಅಲ್ಲಿ ನಿಂತು ದಾವಣಗೆರೆಗೆ ಕೇಳುವ ಹಾಗೆ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ. ಮೂರನೇ ಕ್ಲಾಸಿನ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು.

ಈ ಸಲ ಸಂಕ್ರಾಂತಿಯ ಎಳ್ಳಿಗೆ ಮನೆಯ ಬೆಲ್ಲ ಯಾಕೆ ಇನ್ನೂ ಕಳಿಸಿಲ್ಲ ಎಂದು ಕೇಳಿದ್ದೀಯ. ಆಲೆಮನೆಗೆ ಸರ್ಕಾರದವರು ಬೀಗ ಜಡಿದು ಅರಗು ಮೆತ್ತಿ ತಿಂಗಳ ಮೇಲಾಯಿತು ಕಣವ್ವ. "ಏಳು ತಿಂಗಳ ಬಸುರಿ, ಗಾಬರಿ ಆಯ್ತಳೆ, ಯಾರೂ ತಿಳಿಸ್‌ಬ್ಯಾಡಿ" ಎಂದು ನಿನ್ನಪ್ಪ ನಮ್ಮ ಬಾಯಿಗೂ ಬೀಗ ಹಾಕಿದ್ದ. ಕಡಿಯಲು ಬಂದ ಕಬ್ಬು ಹೊಲದಲ್ಲಿ ಸೂಲಂಗಿ ಹೂ ಬಿಟ್ಟುಕೊಂಡು ನಿಂತಿದೆ.

ಆದದ್ದು ಹೀಗೆ. ಡಿಸೆಂಬರ್ ಮೊದಲ ವಾರ ಒಂದು ಜೀಪು ಬಂತು. ಒಬ್ಬ ಫುಡ್ ಇನ್‌ಸ್ಪೆಕ್ಟರು, ಜೊತೆಗೆ ಇಬ್ಬರು. ಕೊಪ್ಪರಿಗೆ ಕುದಿಯುತ್ತಿತ್ತು, ನಮ್ಮ ಆಳು ಜವರಯ್ಯ ಪಾಕ ನೋಡುತ್ತಿದ್ದ. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕೊಡದೆ ಕಳಿಸಬಾರದು, ಆಗದವನಾದರೂ ಸರಿ. ನಾನೇ ಲೋಟ ತುಂಬಿಕೊಂಡು ಹೋದೆ. "ಬ್ಯಾಡ ಕಣಮ್ಮ, ಡ್ಯೂಟಿ ಮೇಲೆ ಬಂದಿದ್ದೀವಿ" ಎಂದು ಮುಖ ಆ ಕಡೆ ತಿರುಗಿಸಿದ. ಹಾಲು ಕುಡಿಯದವನು ಒಳ್ಳೆಯದಕ್ಕೆ ಬಂದಿಲ್ಲ ಎಂದು ಆಗಲೇ ಗೊತ್ತಾಯಿತು. ಮೂರು ಅಚ್ಚು ಬೆಲ್ಲ ತೆಗೆದು ಕವರಿಗೆ ಹಾಕಿಕೊಂಡರು. ಕಬ್ಬಿನ ಸಿಪ್ಪೆಯ ರಾಶಿ ಕೆದಕಿದರು. ಅದರ ಹಿಂದೆ ಒಂದು ಡಬ್ಬ ಸಿಕ್ಕಿತು.

ಅದು ಹೈಡ್ರೋಸ್ ಎನ್ನುವ ಬಿಳಿ ಪುಡಿ. ಕುದಿಯುವ ಹಾಲಿಗೆ ಹಾಕಿದರೆ ಕರಿ ಬೆಲ್ಲ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಅಳತೆ ಮೀರಿದರೆ ತಿಂದವರ ಹೊಟ್ಟೆಗೆ ಕೇಡು, ಅದಕ್ಕೇ ಸರ್ಕಾರ ಕಟ್ಟು ಮಾಡಿದೆ. ನಿನ್ನ ತಾತನ ಕಾಲದಲ್ಲಿ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಬಿಟ್ಟು ಕೊಳೆ ಎತ್ತುತ್ತಿದ್ದೆವು. ಬೆಲ್ಲ ನನ್ನ ಮೈಬಣ್ಣಕ್ಕೆ ಬರುತ್ತಿತ್ತು. ಯಾರೂ ಬೇಡ ಎನ್ನುತ್ತಿರಲಿಲ್ಲ. ಈಗ ಮಂಡಿಯವನಿಗೂ ಬಿಳಿ ಬೆಲ್ಲ ಬೇಕು, ತಿನ್ನುವವರಿಗೂ ಬಿಳಿ ಬೆಲ್ಲವೇ ಬೇಕು.

ಜೀಪು ಅತ್ತ ಹೋಯಿತೋ ಇಲ್ಲವೋ ಇತ್ತ ಶುರುವಾಯಿತು. ಪುಡಿ ಹಾಕಿದ್ದು ಯಾರು ಎಂದು ಒಬ್ಬನಾದರೂ ಕೇಳಲಿ! ಜೀಪು ಕಳಿಸಿದ್ದು ಯಾರು ಎನ್ನುವುದೇ ಎಲ್ಲರ ಮಾತು. ನಿನ್ನಪ್ಪ ಹೋದ ಎಲೆಕ್ಷನ್ನಿನಲ್ಲಿ ಸೋತ ಸಾಹೇಬರ ಕಡೆ ಓಡಾಡಿದ್ದು, ನಿನ್ನ ಚಿಕ್ಕಪ್ಪ ಶಿವಸ್ವಾಮಿ ಗೆದ್ದ ಸಾಹೇಬರ ಬಾವುಟ ಹಿಡಿದದ್ದು ನಿನಗೆ ಗೊತ್ತೇ ಇದೆ. ಸುದ್ದಿ ಕೇಳಿ ಶಿವಸ್ವಾಮಿ ನರಸೀಪುರದ ಗೊಬ್ಬರದ ಅಂಗಡಿ ಮುಚ್ಚಿಕೊಂಡು ಬಂದ. ಬಂದವನು ಕೈಕಾಲು ತೊಳೆಯುವುದಕ್ಕೆ ಮೊದಲೇ ಜಗಳ.

"ನಿಮ್ ಎಮ್ಮೆಲ್ಲೆ ಕಳ್ಸಿರೋದು ಕಣ್ಲಾ ಆ ಜೀಪ್‌ನ. ಓಟು ಆಕ್ನಿಲ್ಲ ಅಂತ ಒಟ್ಟೆ ಮೇಲೆ ಒಡೀತಾವ್ನೆ" ಎಂದ ನಿನ್ನಪ್ಪ.

"ಯಾರ್ ಕಳ್ಸುದ್ರೇನು ಅಣ್ಣಯ್ಯ? ಕಾನೂನು ಅಂದ್ರೆ ಕಾನೂನು. ಜನ ತಿನ್ನೋ ಪದಾರ್ಥ ಅದು."

"ಓಹೋ! ಅವ್ನ ಭಾವಮೈದ ಆಕೋದೇನ್ಲಾ ಮತ್ತೆ, ಇಬೂತಿನಾ?"

ಅದು ನಿಜವೇ. ಗೆದ್ದ ಸಾಹೇಬರ ಭಾವಮೈದುನನ ಆಲೆಮನೆ ನಮ್ಮದರಿಂದ ಎರಡು ಮೈಲಿ. ಅಲ್ಲಿ ಅದೇ ಇನ್‌ಸ್ಪೆಕ್ಟರು ಎರಡು ಲೋಟ ಹಾಲು ಕುಡಿದು ಬಾಯಿ ಒರೆಸಿಕೊಂಡು ಹೋದನಂತೆ. "ಅಲ್ಲಿಗೋದಾಗ ನಿನ್ ಕಾನೂನಿಗೆ ಕಣ್ಣು ಮಂಜಾಗಿತ್ತೇನಪ್ಪ?" ಎಂದು ನಾನೂ ಕೇಳಿದೆ. ಶಿವಸ್ವಾಮಿ ಸುಮ್ಮನಿರಲಿಲ್ಲ. "ಓದ್ ಸತಿ ಇವ್ರ ಸಾಹೇಬ್ರು ಇದ್ದಾಗ, ಊರ್ ರೋಡ್‌ಗೆ ಬಂದ ಟಾರ್‌ನ ತಮ್ಮ ತ್ವಾಟದ್ ಬಾಗ್ಲುಗಂಟ ಬಳ್ಕೊಂಡ್ರಲ್ಲ, ಆಗ ಅಣ್ಣಯ್ಯ ಎಲ್ ಮಲ್ಗಿದ್ರವ್ವ?" ಎಂದ. ಅದೂ ನಿಜವೇ. ಇಬ್ಬರೂ ಒಬ್ಬರ ಮೇಲೊಬ್ಬರು ಎಸೆದದ್ದೆಲ್ಲ ನಿಜ, ತಮ್ಮದನ್ನು ಮಾತ್ರ ಇಬ್ಬರೂ ಆಡಲಿಲ್ಲ. ಹದಿನೈದು ದಿನ ಮಾತಿಲ್ಲ, ಕತೆಯಿಲ್ಲ. ನಿನ್ನಮ್ಮ ಅತ್ತೂ ಅತ್ತೂ ಮೂಗು ಕೆಂಪು ಮಾಡಿಕೊಂಡಳು.

ಅಷ್ಟರಲ್ಲಿ ಸೋತ ಸಾಹೇಬರು ಮೈಕ್ ಕಟ್ಟಿಸಿಕೊಂಡು ನಮ್ಮ ಬಾಗಿಲಿಗೇ ಬಂದರು. ಗೆದ್ದಿದ್ದಾಗ ಐದು ವರ್ಷದಲ್ಲಿ ಒಂದು ದಿನ ಈ ಬೀದಿಗೆ ಕಾಲಿಟ್ಟವರಲ್ಲ. ರೈತರ ಮೇಲೆ ದಬ್ಬಾಳಿಕೆ, ರಾಜಕೀಯದ ಹಗೆ ಎಂದೆಲ್ಲ ಕೂಗಿ, ಕೊನೆಗೆ ನಿನ್ನಪ್ಪನ ಕಡೆ ಕೈ ತೋರಿಸಿ, "ನಮ್ ಮಲ್ಲಿಕಾರ್ಜುನಪ್ಪನವರು ಪುಡಿ ನಮ್ದಲ್ಲ ಅಂತ ಮಠದ ಗದ್ದುಗೆ ಮುಟ್ಟಿ ಆಣೆ ಮಾಡ್ತಾರೆ! ಜೀಪ್ ಕಳ್ಸಿದೋರಿಗೆ ಧೈರ್ಯ ಇದ್ರೆ ಅವರೂ ಬರ್ಲಿ" ಎಂದುಬಿಟ್ಟರು. ಜನ ಚಪ್ಪಾಳೆ ಹೊಡೆದರು. ನಾನು ನಿನ್ನಪ್ಪನ ಮುಖ ನೋಡಿದೆ, ಸುಣ್ಣ ಬಳಿದ ಹಾಗಾಗಿತ್ತು.

ಆವತ್ತು ಸಂಜೆ ನಾನು ಒಲೆ ಮುಂದೆ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತ. ಐವತ್ತು ವರ್ಷದ ಗಂಡಸು, ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ. "ಅವ್ವ, ನೀನು ಸುಳ್ ಏಳಲ್ಲ ಅಂತ ಊರ್ಗೇ ಗೊತ್ತು. ನನ್ ಬದ್ಲು ನೀನು ಒಂದ್ ಮಾತು ಅಂದ್ರೆ ಸಾಕು" ಎಂದ. ಏನು ಹೇಳಬೇಕು ಎಂದು ನಾನು ಕೇಳಲಿಲ್ಲ, ಅವನೂ ಬಿಡಿಸಿ ಹೇಳಲಿಲ್ಲ. ದೇವರಿಗೆ ಹೆದರುವ ಮಗ, ತಾಯಿಯನ್ನು ಮುಂದೆ ಬಿಟ್ಟ.

ಮುಚ್ಚಿಟ್ಟು ಬರೆಯಲಾರೆ. ಆ ಡಬ್ಬವನ್ನು ನಾನು ನೋಡಿದ್ದೆ. ದೀಪಾವಳಿ ಕಳೆದ ವಾರ ನಿನ್ನಪ್ಪನೇ ಮೈಸೂರಿನಿಂದ ತಂದದ್ದು. ಹಾಕಬೇಡಿ ಎಂದು ಜವರಯ್ಯ ಗೋಗರೆದದ್ದೂ ನನ್ನ ಕಿವಿಗೆ ಬಿದ್ದಿತ್ತು. "ಪಾಕ ಕೆಡ್ತದೆ ಬುದ್ದಿ, ಮೂವತ್ತೊರ್ಸ ಇದ್ನ ಮುಟ್ದೋನಲ್ಲ ನಾನು" ಎಂದಿದ್ದ. "ಯೋಳ್ದಷ್ಟು ಮಾಡ್ಲಾ" ಎಂದು ನಿನ್ನಪ್ಪ ಗದರಿದ. ಇಷ್ಟೆಲ್ಲ ಗೊತ್ತಿದ್ದ ನಾನು ಹೋದ ತಿಂಗಳ ಕೊನೆಯ ಸೋಮವಾರ ತಣ್ಣೀರು ಹುಯ್ದುಕೊಂಡು, ವಿಭೂತಿ ಧರಿಸಿ, ಊರ ಮುಂದೆ ಗದ್ದುಗೆ ಮುಟ್ಟಿದೆ. ನಮ್ಮ ಮನೆಯವರು ಯಾರೂ ಆ ಪುಡಿ ತಂದಿಲ್ಲ, ಹಾಕು ಅಂದಿಲ್ಲ ಎಂದೆ. ನಾಲಿಗೆ ಒಂದು ಚೂರೂ ತಡವರಿಸಲಿಲ್ಲ. ನಿಮ್ಮನ್ನೆಲ್ಲ ಬೈದು ಬೈದು ಅಷ್ಟು ಚೆನ್ನಾಗಿ ಪಳಗಿಸಿಕೊಂಡಿದ್ದೇನೆ ನೋಡು.

ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ. ಮನೆಯವರು ಹಾಕಿಲ್ಲ ಎಂದ ಮೇಲೆ ಹಾಕಿದ್ದು ಯಾರು? ಉಳಿದವನು ಜವರಯ್ಯನೊಬ್ಬನೇ. ಆಣೆಯಾದ ವಾರಕ್ಕೆ ಗೆದ್ದ ಸಾಹೇಬರೂ ಸೋತ ಸಾಹೇಬರೂ ನಂಜನಗೂಡಿನಲ್ಲಿ ಯಾರದೋ ಮದುವೆಯ ಊಟದಲ್ಲಿ ಒಟ್ಟಿಗೆ ಕೂತು ರಾಜಿ ಮಾಡಿಕೊಂಡರಂತೆ. ಆಲೆಮನೆ ಬೀಗ ತೆಗೆಸುವುದು, ಭಾವಮೈದುನನ ಸುದ್ದಿ ಯಾರೂ ಎತ್ತಕೂಡದು, ಆಳು ಬುದ್ಧಿಗೆಟ್ಟು ತಾನೇ ಪುಡಿ ಹಾಕಿದ ಎಂದು ಬರೆಸಿಕೊಳ್ಳುವುದು. ಬರುವ ಬುಧವಾರ ಜವರಯ್ಯ ಆ ಇನ್‌ಸ್ಪೆಕ್ಟರ ಆಫೀಸಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕು.

ಈ ಸುದ್ದಿ ಬಂದ ದಿನ ನಿನ್ನಪ್ಪ, ಚಿಕ್ಕಪ್ಪ ಇಬ್ಬರೂ ಒಟ್ಟಿಗೆ ಕೂತು ಮುದ್ದೆ ಉಂಡರು. "ಸಾರು ಚೆನ್ನಾಗೈತೆ ಕಣವ್ವ" ಎಂದು ಶಿವಸ್ವಾಮಿ ಇನ್ನೊಂದು ಸಲ ಹಾಕಿಸಿಕೊಂಡ. ಅವರಿಬ್ಬರು ಒಂದಾಗಲಿ ಎಂದು ನಾನೇ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದೆ.

ಮಾರನೆಯ ದಿನ ಜವರಯ್ಯನ ಹೆಂಡತಿ ಮುದ್ದಮ್ಮ ಹಿತ್ತಲಿಗೆ ಬಂದಳು. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಅವಳು ಕೂಗಾಡಲಿಲ್ಲ. "ಅಮ್ಮಾವ್ರೆ, ನೀವೇ ಆಣೆ ಮಾಡಿದ್ದೀರಿ ಅಂದ್ಮೇಲೆ ನಿಜಾನೇ ಇರ್ಬೇಕು ಅಂತ ನನ್ ಸೊಸೆನೇ ಅವ್ರ್‌ನ ಬೋಯ್ತಾವ್ಳೆ. ಅವ್ರು ಒಂದ್ ಮಾತೂ ಆಡ್ತಿಲ್ಲ. ಅವ್ರು ಆಕಿದ್ರಾ, ನೀವೇ ಏಳ್‌ಬುಡಿ" ಎಂದಳು. ನಾನು ಒಳಗೆ ಹೋಗಿ ಒಂದು ಸೇರು ಅಕ್ಕಿ ತಂದು ಅವಳ ಸೆರಗಿಗೆ ಹಾಕಲು ಹೋದೆ. ಅವಳು ಸೆರಗು ಒಡ್ಡಲಿಲ್ಲ, ಹಾಗೇ ತಿರುಗಿ ಹೋದಳು. ನಾನು ಮದುವೆಯಾಗಿ ಬಂದಾಗಿನಿಂದ ಈ ಹಿತ್ತಲಲ್ಲಿ ನನ್ನ ಕೈಯಿಂದ ಏನನ್ನೂ ಬೇಡ ಎಂದವರಿಲ್ಲ.

ಸಾಕು, ಕೈ ನೋಯುತ್ತಿದೆ. ನಿನ್ನ ಗಂಡನಿಗೆ, ಅತ್ತೆ ಮಾವನಿಗೆ ನನ್ನ ಶರಣು ತಿಳಿಸು. ಹೊಟ್ಟೆ ತುಂಬ ಉಣ್ಣು, ಎಡ ಮಗ್ಗುಲಿಗೆ ಮಲಗು. ಹೆಣ್ಣಾಗಲಿ ಗಂಡಾಗಲಿ ಸುಖವಾಗಿ ಎರಡು ಜೀವ ಬೇರೆಯಾಗಲಿ. ನಿನ್ನ ಬಾಣಂತನ ಮಾಡಲು ಮೈಯಲ್ಲಿ ಇನ್ನೂ ಶಕ್ತಿ ಇಟ್ಟುಕೊಂಡಿದ್ದೇನೆ.

ಇತಿ ನಿನ್ನ ಅಜ್ಜಿ,
ಚನ್ನಾಜಮ್ಮ

ಮತ್ತೆ ಬರೆದದ್ದು: ಕವರು ಅಂಟಿಸಲು ಹೋಗಿ ಬಿಟ್ಟೆ. ಒಂದು ಮಾತನ್ನು ನುಂಗಿಕೊಂಡು ಬರೆದಿದ್ದೆ. ಆವತ್ತು ನಾನು ಗದ್ದುಗೆ ಮುಟ್ಟಿ ಹೇಳಿದ್ದಷ್ಟೇ ಅಲ್ಲ. ನಾನು ಹೇಳಿ ಮುಗಿಸಿದ ಮೇಲೆ ನಿನ್ನ ಚಿಕ್ಕಪ್ಪ ಜನದ ಮಧ್ಯದಿಂದ, "ದೇವ್ರಾಣೆ ಎಲ್ರೂ ಮಾಡ್ತಾರೆ ಕಣವ್ವ. ಅರ್ಪಿತನ ತಲೆ ಮೇಲಾಣೆ ಅನ್ನು, ನಾನು ಒಪ್ತೀನಿ" ಎಂದ. ನಿನ್ನ ಹೆಸರೆತ್ತಿದರೆ ನಾನು ನಿಜ ಕಕ್ಕುತ್ತೇನೆ ಎಂದು ಅವನ ಎಣಿಕೆ. ಆಗಲಾದರೂ ಬೇಡ ಎನ್ನುತ್ತಾನೇನೋ ಎಂದು ನಿನ್ನಪ್ಪನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ನಾನು ಅಂದುಬಿಟ್ಟೆ ಮಗ. ನಿನ್ನ ತಲೆಯ ಮೇಲೆ, ನಿನ್ನ ಹೊಟ್ಟೆಯಲ್ಲಿರುವುದರ ಮೇಲೆ, ಎರಡನ್ನೂ ಬಾಯಿಬಿಟ್ಟು ಅಂದೆ.

ಒಬ್ಬರ ತಪ್ಪಿಗೆ ದೇವರು ಇನ್ನೊಬ್ಬರನ್ನು ಹಿಡಿಯುವುದಿಲ್ಲ ಎಂದು ನಿನ್ನ ಗಂಡ ಹೇಳಬಹುದು. ಅವರು ಓದಿದವರು, ನನಗೆ ಅಷ್ಟು ಧೈರ್ಯವಿಲ್ಲ. ಮಠದ ಅಯ್ಯನವರನ್ನು, ಬೇರೆ ಯಾರದೋ ಸಂಗತಿ ಎನ್ನುವ ಹಾಗೆ ಕೇಳಿದೆ. ಆಣೆ ಮಾಡಿದ ಜಾಗದಲ್ಲೇ, ಕೇಳಿದ ಜನದ ಮುಂದೆಯೇ ನಿಜ ಹೇಳಿದರೆ ಬಿಡುಗಡೆ, ಬೇರೆ ದಾರಿಯಿಲ್ಲ ಎಂದರು. ಹೇಳಿದರೆ ಕೇಸು ನಿನ್ನಪ್ಪನ ಮೇಲೆ ಬೀಳುತ್ತದೆ, ಈ ಮನೆಯಲ್ಲಿ ನನಗೆ ಅನ್ನ ಹಾಕುವವನು ಅವನು. ಹೇಳದಿದ್ದರೆ ನೀನು, ಜವರಯ್ಯ. ಸೋಮವಾರ ಪೂಜೆಗೆ ಊರೆಲ್ಲ ಸೇರುತ್ತದೆ, ಆವತ್ತು ಹೋಗುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಈ ಕಾಗದ ಸೋಮವಾರಕ್ಕೆ ಮೊದಲೇ ಬಂದರೆ, ಅಲ್ಲಿಯವರೆಗೆ ಮೆಟ್ಟಿಲು ಹತ್ತಬೇಡ, ಕೊಡ ಎತ್ತಬೇಡ, ಬಚ್ಚಲಲ್ಲಿ ಗೋಡೆ ಹಿಡಿದು ನಡೆ. ನಾನು ಹೇಳಿ ಬರುವವರೆಗೆ ಮಾತ್ರ.