ಪುಸ್ತಕದಲ್ಲಿಲ್ಲದ ಅರ್ಧ ಪುಟ

ಮಾರ್ಚ್ 4

ಪುಟ 1ರಿಂದ 22. ಗಂಟಲು ಪರವಾಗಿಲ್ಲ. ಹೊಟ್ಟೆ ಎರಡು ಸಲ ಗುರ್ ಎಂದಿತು, ಎರಡು ಸಲವೂ ನಿಲ್ಲಿಸಬೇಕಾಯಿತು. ಗಾಜಿನಾಚೆ ಕೂರುವ ರೆಕಾರ್ಡಿಂಗ್‌ನವರು, "ಮೇಡಂ, ನಾಳೆಯಿಂದ ತಿಂದ್ಕೊಂಡು ಬನ್ನಿ. ಹಸಿದವರ ಕಥೆ ಅಂತ ನೀವೂ ಹಸ್ಕೊಂಡಿರ್ಬೇಕಾಗಿಲ್ಲ" ಎಂದರು.

ಕಣ್ಣು ಕಾಣದವರ ಗ್ರಂಥಾಲಯಕ್ಕೆ ನಾನು ಓದುತ್ತಿರುವ ಹದಿನೇಳನೇ ಪುಸ್ತಕ. ಇಟ್ಟಿಗೆಯಷ್ಟು ದಪ್ಪ. ಹೊಲ ಕಳೆದುಕೊಂಡ ಒಂದು ಸಂಸಾರ ಮನೆಯ ಬಾಗಿಲನ್ನೂ ಕಿತ್ತು ಲಾರಿಗೆ ಹಾಕಿಕೊಂಡು, ಕೊಯ್ಲು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ದೊಡ್ಡ ಕಾದಂಬರಿ, ಎಲ್ಲರೂ ಕಾಲೇಜಿನಲ್ಲೇ ಓದಿ ಮುಗಿಸಿರುತ್ತಾರಂತೆ. ನಾನು ಓದಿರಲಿಲ್ಲ. ಬೇಕೆಂದೇ.

ಇಲ್ಲಿ ನನ್ನನ್ನು ತೆಗೆದುಕೊಂಡದ್ದು ದನಿಯಲ್ಲಿ ಏನೂ ಇಲ್ಲ ಎಂಬ ಕಾರಣಕ್ಕೆ. ಹೊಗಳಿಕೆಯಾಗಿಯೇ ಹೇಳಿದರು. ಓದುವವಳು ಅಳಬಾರದು, ಅದು ಕೇಳುವವರ ಕೆಲಸ. ನನಗೇನೂ ಕಷ್ಟವಿಲ್ಲ.

ಮಾರ್ಚ್ 5, ಸಂಜೆ 6

ದಿನದ ರೆಕಾರ್ಡಿಂಗನ್ನು ಫೋನಿಗೆ ಹಾಕಿಸಿಕೊಂಡು ಬಂದು ಮನೆಯಲ್ಲೊಮ್ಮೆ ಕೇಳುವುದು ರೂಢಿ. ಈಗ ನಾನು ಅಡುಗೆ ಮಾಡುತ್ತೇನೆ, ಅಮ್ಮ ಕೇಳುತ್ತಾಳೆ. ಕಣ್ಣು ಹೋದ ಮೇಲೆ ಅಣ್ಣನ ಮನೆಯ ಮೆಟ್ಟಿಲು ಹತ್ತಲಾಗದೆ ಇಲ್ಲಿಗೆ ಬಂದಳು. ಎಂಟು ತಿಂಗಳಾಯಿತು.

ಬೆಳಗಾಗುತ್ತಲೇ ಇಬ್ಬನಿಯಲ್ಲಿ ಇಡೀ ಸಂಸಾರ ಕಿತ್ತಳೆ ಕೀಳುವ ಭಾಗ ಬಂತು.

"ನಿಲ್ಸು, ನಿಲ್ಸು. ಇಬ್ಬನಿ ಆರೋಕೆ ಮುಂಚೆ ಯಾರಾದ್ರೂ ಕಿತ್ತಳೆ ಮುಟ್ತಾರಾ? ಸಂಜೆಯೊಳಗೆ ಸಿಪ್ಪೆ ಮೇಲೆ ಕಲೆ ಬೀಳುತ್ತೆ. ಮೇಸ್ತ್ರಿ ಒದ್ದು ಓಡಿಸ್ತಾನೆ."

"ಬರೆದವರು ದೊಡ್ಡ ಲೇಖಕರಮ್ಮ."

"ಇರ್ಲಿ ಪಾಪ. ಕಿತ್ತಳೆ ಕಿತ್ತಿಲ್ಲ, ಅಷ್ಟೇ."

ಅಮ್ಮ ಕಿತ್ತದ್ದು ನಲವತ್ತು ವರ್ಷ. ನಾನು ಕಿತ್ತದ್ದು ಏಳು ತುಂಬುವವರೆಗೆ. ಕೆಳಗಿನ ಕೊಂಬೆಗಳು ಮಕ್ಕಳದ್ದು; ನಮಗೆ ಏಣಿ ಕೊಡುತ್ತಿರಲಿಲ್ಲ.

ಮಾರ್ಚ್ 9

ಪುಟ 118. ಮಗು ಕೆಮ್ಮುತ್ತದೆ, ಶೆಡ್ಡು ಸೋರುತ್ತದೆ, ಅಜ್ಜ ಸಾಯುತ್ತಾನೆ. ತರಕಾರಿ ಪಟ್ಟಿ ಓದಿದ ಹಾಗೆ ಓದಿದೆ. ಗಾಜಿನಾಚೆಯವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನೆಗಡಿ ಎಂದರು.

ನನಗೇನೂ ಆಗುವುದಿಲ್ಲ. ಹಲ್ಲು ಕೀಳಿಸಿದ ದಿನ ತುಟಿ ಇರುತ್ತದಲ್ಲ — ನಮ್ಮದೇ, ಆದರೆ ಮುಟ್ಟಿದರೆ ಗೊತ್ತಾಗುವುದಿಲ್ಲ... ಹಾಗೆ.

ಅಮ್ಮನಿಗೆ ಆ ಬಾಗಿಲಿನದ್ದೇ ಚಿಂತೆ. "ಅಷ್ಟು ಭಾರ ಯಾಕೆ ಹೊತ್ರು? ಮಲಗೋಕೆ ಹಲಗೆಯಾಗುತ್ತೆ ಅಂತ ಇರ್ಬೇಕು. ಬುದ್ಧಿವಂತರು."

ಮಾರ್ಚ್ 16

ನಾಳೆಯ ಪುಟಗಳ ಮೇಲೆ ಕಣ್ಣಾಡಿಸಿದೆ. 204ರಲ್ಲಿ ಮಗಳನ್ನು ದಾರಿಯ ಮನೆಯೊಂದರಲ್ಲಿ ಬಿಟ್ಟುಹೋಗುತ್ತಾರೆ. ಒಂದು ಹೊಟ್ಟೆ ಕಡಿಮೆಯಾಗಲಿ ಎಂದು.

ನನ್ನನ್ನು ಬಿಟ್ಟದ್ದು ಕಿತ್ತಳೆ ಪ್ಯಾಕಿಂಗ್ ಶೆಡ್ಡಿನ ಗುಮಾಸ್ತರ ಮನೆಯಲ್ಲಿ. ಅಪ್ಪ, ಅಮ್ಮ, ಅಣ್ಣ, ತಂಗಿ ಲಾರಿ ಹತ್ತಿ ಮುಂದಿನ ತೋಟಕ್ಕೆ ಹೋದರು. ನಾನು ಉಳಿದೆ. ಗುಮಾಸ್ತರ ಹೆಂಡತಿಯನ್ನು ದೊಡ್ಡಮ್ಮ ಎನ್ನು ಎಂದರು. ಅಂದೆ. ಶಾಲೆಗೆ ಹೋದೆ, ಪರೀಕ್ಷೆ ಪಾಸಾದೆ, ನೌಕರಿ ಮಾಡಿ ರಿಟೈರ್ ಆದೆ. ಅವರು ವರ್ಷಕ್ಕೊಮ್ಮೆ ಕೊಯ್ಲಿಗೆ ಬಂದಾಗ ನೆಂಟರ ಹಾಗೆ ನೋಡಿ ಹೋಗುತ್ತಿದ್ದರು.

ಕೈ ನಿಧಾನ ಎಂದು ನನ್ನನ್ನು ಬಿಟ್ಟರು. ಯಾರೂ ಹೇಳಿದ್ದಲ್ಲ, ನಾನೇ ತಿಳಿದುಕೊಂಡದ್ದು. ತಂಗಿ ನನಗಿಂತ ಚಿಕ್ಕವಳು, ನನಗಿಂತ ಮೊದಲು ಬುಟ್ಟಿ ತುಂಬಿಸುತ್ತಿದ್ದಳು.

ಐವತ್ತೊಂದು ವರ್ಷ ಕೇಳಿಲ್ಲ. ಅಮ್ಮನಿಗೆ ಎಂಬತ್ತೆರಡು. ನನ್ನನ್ನೇ ಯಾಕೆ ಬಿಟ್ಟೆ — ಇಷ್ಟೇ ಪ್ರಶ್ನೆ. ಬಾಯಿ ಬರುವುದಿಲ್ಲ. ಈ ಪುಟ ಕಿವಿಗೆ ಬಿದ್ದರೆ ಅವಳೇ ಬಾಯಿಬಿಡಬಹುದು. ಅವಳು ಹೋಗುವುದರೊಳಗೆ ಗೊತ್ತಾಗಬೇಕು.

ಮಾರ್ಚ್ 17

ಓದಿದೆ. ಎಲ್ಲೂ ತಡವರಿಸಲಿಲ್ಲ. ಗಾಜಿನಾಚೆಯವರು ಹೆಬ್ಬೆರಳೆತ್ತಿ ತೋರಿಸಿದರು.

ಸಂಜೆ ಅಮ್ಮನ ಪಕ್ಕ ಫೋನಿಟ್ಟು ಅಡುಗೆಮನೆಗೆ ಹೋದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆದೆ, ನನಗೆ ಕೇಳದ ಹಾಗೆ. ಮುಗಿದ ಮೇಲೆ ಹೊರಗೆ ಬಂದೆ. ಅಮ್ಮ ನೀರು ಕೇಳಿದಳು. ಕೊಟ್ಟೆ. ಕುಡಿದಳು.

ಅಷ್ಟೇ.

ಮಾರ್ಚ್ 27

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಪುಸ್ತಕ ಮುಗಿಯಿತು. ಅಮ್ಮ ಹವಾಮಾನ ಬಿಟ್ಟರೆ ಬೇರೆ ಮಾತಾಡಿಲ್ಲ.

ಇವತ್ತು ಗ್ರಂಥಾಲಯದ ಮೇಷ್ಟ್ರು ಕರೆಸಿದರು. ಹುಟ್ಟಿನಿಂದ ಕಣ್ಣಿಲ್ಲದವರು, ಬೆರಳಿನಲ್ಲಿ ಬ್ರೈಲ್ ಪ್ರತಿ ಓದುತ್ತ, ಕಿವಿಯಲ್ಲಿ ನಮ್ಮ ಓದು ಕೇಳುತ್ತ ತಾಳೆ ನೋಡುವುದು ಅವರ ಕೆಲಸ.

"ಏನಮ್ಮಾ, ನನ್ನ ಬೆರಳು ಸುಳ್ಳು ಹೇಳ್ತಿದೆಯೋ, ನೀವೋ?"

ರೆಕಾರ್ಡಿಂಗ್ ಹಾಕಿ ಕೇಳಿಸಿದರು. ನನ್ನದೇ ದನಿ. ಹುಡುಗಿ ಲಾರಿಯ ಹಿಂದೆ ಓಡಿದಳು. ಒಂದು ಚಪ್ಪಲಿ ಕಳಚಿ ಬಿತ್ತು. ಧೂಳು ಬಾಯಿಗೆ ಹೋಯಿತು. ನಿಲ್ಲಿಸಿ, ನಿಲ್ಲಿಸಿ ಎಂದಳು... ಹೀಗೇ ಅರ್ಧ ಪುಟದಷ್ಟು.

ಪುಸ್ತಕದಲ್ಲಿರುವುದು ಎರಡೇ ಪದ. ಲಾರಿ ಹೊರಟಿತು. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

"ಬರೆದವರಿಗಿಂತ ಚೆನ್ನಾಗಿದೆ. ಆದ್ರೆ ಅವರು ಬರೆದಿಲ್ವಲ್ಲ. ತೆಗೀಬೇಕು" ಎಂದರು.

ಹೇಳಿದ ನೆನಪೇ ಇಲ್ಲ. ಹದಿನೇಳು ಪುಸ್ತಕದಲ್ಲಿ ಒಂದು ಅಲ್ಪವಿರಾಮವನ್ನೂ ಸೇರಿಸಿದವಳಲ್ಲ. ಎರಡು ಪದವನ್ನು ಅಲ್ಲೇ ಮತ್ತೆ ಓದಿದೆ. ಒಂದೇ ಸಲಕ್ಕೆ ಓಕೆ ಆಯಿತು.

ಆ ಓಟ ನನ್ನದು. ಚಪ್ಪಲಿ, ಧೂಳು, ಕೂಗು — ನನಗೆ ನಿನ್ನೆಯಷ್ಟು ಸ್ಪಷ್ಟ.

ಮಾರ್ಚ್ 28, ಮಧ್ಯಾಹ್ನ

ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ಆ ಮಗಳನ್ನ ಬಿಟ್ಟುಹೋಗೋ ಪುಟ ತಪ್ಪು ಓದಿದ್ದೆನಂತೆ ಅಮ್ಮ. ಇಲ್ಲದ್ದೆಲ್ಲ ಸೇರಿಸಿದ್ದೆ."

"ಗೊತ್ತು. ಓಡಿದ್ದು ತಾನೇ?"

"ನಿನಗೆ ಹೇಗೆ ಗೊತ್ತು?"

ತಟ್ಟೆಯ ಅಂಚನ್ನು ಬೆರಳಿನಲ್ಲಿ ಹುಡುಕಿ ಆಚೆ ಸರಿಸಿದಳು.

"ನೀನು ಓಡ್ಲಿಲ್ಲ ಪುಟ್ಟಿ."

ನಾನು ಅವಳ ಲೋಟಕ್ಕೆ ನೀರು ಹಾಕಿದೆ.

"ಹೊರಡೋ ಹೊತ್ತಿಗೆ ನೀನು ಗುಮಾಸ್ತರ ಮನೆ ಒಳಗೆ ಹೋಗಿ ಚಿಲಕ ಹಾಕ್ಕೊಂಡೆ. ನಾನು ಬರಲ್ಲ, ಇಲ್ಲಿ ಹಾಸಿಗೆ ಇದೆ ಅಂದೆ. ನಿಮ್ಮಪ್ಪ ಕರೆದ್ರು, ಅಣ್ಣ ಕರೆದ. ಲಾರಿಯೋನು ಹೊರಡಿಸೇಬಿಟ್ಟ. ನಾನು ಧುಮುಕಿ ವಾಪಸ್ ಓಡಿ ಬಂದೆ. ಚಪ್ಪಲಿ ಹೋಗಿದ್ದು ನಂದು. ನೀನು ಕಿಟಕೀಲಿ ನಿಂತು ನೋಡ್ತಿದ್ದೆ."

"ಸುಳ್ಳು."

"ಒಂದು ಕೊಯ್ಲಿನ ಮಟ್ಟಿಗೆ ಇರ್ಲಿ ಬಿಡಿ ಅಂದ್ರು ಗುಮಾಸ್ತರ ಮನೆ ಆಯಮ್ಮ. ಮುಂದಿನ ವರ್ಷ ಬಂದ್ವಿ. ನೀನು ಅವರ ಸೀರೆ ಹಿಂದೆ ನಿಂತ್ಕೊಂಡೆ."

"ಮತ್ತೆ ಬಿಟ್ಟುಹೋದ್ವಿ ಬಿಟ್ಟುಹೋದ್ವಿ ಅಂತ ಎಲ್ಲರ ಮುಂದೆ ಯಾಕೆ ಹೇಳ್ತಿದ್ರಿ?"

"ನಿಮ್ಮಪ್ಪ ಹಾಗೆ ಹೇಳಿದ್ರು. ಬೈಕೊಂಡ್ರೆ ನಮ್ಮನ್ನೇ ಬೈಕೊಳ್ಲಿ, ಮಗು ತಲೆ ಮೇಲೆ ಯಾಕೆ ಹಾಕೋದು ಅಂತ."

ಅನ್ನ ಆರಿತ್ತು. ತಿಂದೆ.

ಮಾರ್ಚ್ 29

ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಆಗ ಹನ್ನೊಂದು. ನೆನಪಿರಲೇಬೇಕು.

"ಅಣ್ಣಾ, ಅವತ್ತು ನಾನು ಚಿಲಕ ಹಾಕ್ಕೊಂಡಿದ್ನಾ?"

ಅವನು ಟಿವಿ ಸದ್ದು ತಗ್ಗಿಸಿದ.

"ಅಮ್ಮ ಹೇಳಿಬಿಟ್ಲಾ?" ಎಂದ.

ಏಪ್ರಿಲ್ 2, ಸಂಜೆ 5

ಹೊಸ ಪುಸ್ತಕ ಕೊಟ್ಟಿದ್ದಾರೆ, ತೆಗೆದಿಲ್ಲ. ನಾಚಿಕೆಯಾಗುತ್ತಿದೆ. ಒಂದು ಸಿಟ್ಟನ್ನು ಇಷ್ಟು ವರ್ಷ ಅನ್ನ ಹಾಕಿ ಸಾಕಿದೆ. ಅಪ್ಪ ಹೋದಾಗ ಅಳದೆ ಬಂದವಳು ನಾನು. ಅವರು ನನ್ನ ಸಿಟ್ಟನ್ನೂ ತಮ್ಮ ಲೆಕ್ಕಕ್ಕೇ ಹಾಕಿಕೊಂಡು ಹೋದರು.

ಬೆಳಗ್ಗೆ ಅಮ್ಮನ ತಲೆ ಬಾಚುವಾಗ ಕೇಳಿದೆ. "ಆಮೇಲೆ ಲಾರಿ ಹೇಗೆ ಹಿಡಿದೆ?"

"ತಿರುವಿನಲ್ಲಿ ನಿಲ್ಸಿದ್ದ. ನಡ್ಕೊಂಡು ಹೋದೆ."

"ಬಾಗಿಲ ಹತ್ರ ಎಷ್ಟು ಹೊತ್ತು ನಿಂತಿದ್ದೆ?"

"ನೀನು ಪರದೆ ಎಳ್ಕೊಳ್ಳೋವರೆಗೂ."

ಬಾಚಣಿಗೆ ಕೈಯಲ್ಲೇ ಉಳಿಯಿತು. ಪರದೆ ನೆನಪಿದೆ. ನೀಲಿ ಚೌಕಳಿ. ಎಳೆದ ಕೈ ನೆನಪಿಲ್ಲ.

ಈಗ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕೂತು ಇಷ್ಟು ಬರೆದೆ. ಗೋಡೆ ಹಿಡಿದು ನಡೆಯುವ ಸದ್ದು. ಅಮ್ಮ ಬಾಗಿಲಾಚೆ ಬಂದು ನಿಂತಿದ್ದಾಳೆ. ಪುಟ್ಟಿ ಎಂದಳು. ಬಾ ಎಂದಳು. ಬಡಿಯುತ್ತಿಲ್ಲ, ಸುಮ್ಮನೆ ನಿಂತಿದ್ದಾಳೆ. ಎದ್ದು ಚಿಲಕ ತೆಗೆಯುತ್ತೇನೆ.