ಹೊಸಿಲಲ್ಲಿ ಕೇಳಬೇಕಾದ ಪ್ರಶ್ನೆ

ಅಪ್ಪಾ,

ತೀರಿಹೋದ ನೀನು ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಕೇಳುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಲಂಡನ್ನಿನ ಆ ತುದಿಯ ರೇನರ್ಸ್ ಲೇನ್‌ನಲ್ಲಿ, ಪರಿಚಯದವರೊಬ್ಬರ ಜೊತೆ ಯಾರದೋ ಮನೆಯ ಸರಸ್ವತಿ ಪೂಜೆಗೆ ಹೋಗಿದ್ದೆ. ಆ ಮನೆಯ ಎಂಟು ವರ್ಷದ ಹುಡುಗಿ ಎದ್ದು ನಿಂತು ಕಥೆ ಹೇಳಿದಳು. ಮೋಡದ ಮೇಲೊಂದು ಪಟ್ಟಣ, ಅದರ ನಡುವೆ ವಿದ್ಯೆಯ ಗುಡಿ. ಒಳಗೆ ಮೂರ್ತಿಯಿಲ್ಲ, ಸೂರಿನವರೆಗೂ ಪುಸ್ತಕಗಳು. ಮಂಗಳಾರತಿಯ ಬದಲು ಭೂತಗನ್ನಡಿ ಹಿಡಿದು ಬರುವ ಕುಂಟು ಪೂಜಾರಿ. ಹೊಸಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದವರಿಗಷ್ಟೇ ಪ್ರವೇಶ, ಅದೂ ಕನ್ನಡದಲ್ಲಿ.

ಅದು ನಮ್ಮ ಕ್ರೋಯ್ಡನ್ ಫ್ಲಾಟಿನಲ್ಲಿ ನೀನು ಕಟ್ಟಿದ ಕಥೆ. ನನಗೊಬ್ಬಳಿಗೇ ಎಂದು ನೀನೇ ಹೇಳಿದ್ದೆ.

"ಯಾರು ಪುಟ್ಟಾ ಹೇಳಿಕೊಟ್ಟಿದ್ದು?" ಎಂದೆ.

"ಡಾಕ್ಟರ್ ತಾತ. ಪ್ರತಿ ಗುರುವಾರ ನಮ್ಮನೆಗೆ ಬರ್ತಿದ್ರು."

ಗುರುವಾರ ನಿನಗೆ ಸಂಜೆಯ ಕ್ಲಿನಿಕ್ ಇತ್ತಲ್ಲವೇ? ಅಮ್ಮ ಊಟ ಮಾಡದೆ ಕಾಯುತ್ತಿದ್ದಳು. ಕ್ರೋಯ್ಡನ್‌ನಿಂದ ಇಷ್ಟು ದೂರ ನೀನು ಏಕೆ ಬರುತ್ತಿದ್ದೆ? ನಿನ್ನವೇ ಇರಬಹುದೇ ಎಂದು ಹುಡುಗಿಯ ಹುಬ್ಬುಗಳನ್ನು ನೋಡಿದೆ. ಮತ್ತೊಮ್ಮೆ ನೋಡಿದೆ.

ಅವಳ ತಾಯಿ ಜಾಹ್ನವಿ ಪಾಯಸದ ಬಟ್ಟಲು ಕೊಡುತ್ತಾ, "ನೀವು ಅವರ ಮಗಳಲ್ವಾ? ನಿಮ್ಮ ವಿಷಯ ತುಂಬಾ ಹೇಳೋರು" ಎಂದಳು.

ನೀನು ಏನು ಹೇಳುತ್ತಿದ್ದೆ? ಹತ್ತು ವರ್ಷದವಳಿದ್ದಾಗ ನಾನು, "ಡ್ಯಾಡ್, ಇಂಗ್ಲಿಷಲ್ಲಿ ಹೇಳು, ಇಲ್ಲಾಂದ್ರೆ ಬೇಡ" ಎಂದದ್ದನ್ನೇ? ಆಮೇಲೆ ನೀನು ನನಗೆ ಆ ಕಥೆ ಹೇಳಲೇ ಇಲ್ಲ.

ಜಾಹ್ನವಿ ಬಾಗಿಲವರೆಗೂ ಬಂದಳು. ಹೊಸಿಲಲ್ಲಿ ನಿಂತು, ನಾನೇನೋ ಕೇಳುತ್ತೇನೆಂದು ಕಾದಳು.

"ಲವ್ಲಿ ಪಾಯಸ, ಥ್ಯಾಂಕ್ಯೂ ಸೋ ಮಚ್" ಎಂದು ಹೊರಟುಬಂದೆ.