ಎಸ್ತರಮ್ಮನವರ ಬಾಯಿತಪ್ಪು

ಸುಗುಣಕ್ಕ,

ಈ ಶುಕ್ರವಾರದ ಮನೆಪ್ರಾರ್ಥನೆ ಶ್ರೀರಾಂಪುರದ ನಮ್ಮ ಮನೆಯಲ್ಲೇ ನಡೆಯಿತು. ನೀನು ತೀರಿಕೊಂಡ ಮೇಲೆ ಇಲ್ಲಿ ನಡೆದದ್ದು ಇದೇ ಮೊದಲು. ಎಸ್ತರಮ್ಮನವರು ಎಂದಿನಂತೆ ಕಣ್ಣು ಮುಚ್ಚಿ ಕಾಯಿಲೆಯವರಿಗಾಗಿ ಬೇಡುತ್ತಾ ಹೋದರು. ಹಾಗೇ, "ಕರ್ತನೇ, ನಮ್ಮ ಸುಗುಣನ್ನ ಮುಟ್ಟಿ ವಾಸಿ ಮಾಡಪ್ಪಾ" ಅಂದುಬಿಟ್ಟರು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ಒಂದು ಕ್ಷಣ ನೀನು ಒಳಗೆ ಮಲಗಿದ್ದೀಯ ಅನ್ನಿಸಿತು.

ತಕ್ಷಣ ಎಸ್ತರಮ್ಮನವರು ನನ್ನ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣಮ್ಮಾ, ಬಾಯಿಗೆ ರೂಢಿಯಾಗ್ಬಿಟ್ಟಿದೆ."

"ಬಿಡಿ ಆಂಟಿ. ಅವಳು ಬದುಕಿದ್ದಾಗ ಕೇಳಿದ್ರೆ ಮಾತ್ರ ಏನ್ ಕೊಟ್ಟ?" ಅಂದೆ.

"ಹಂಗನ್ಬೇಡ. ಎಲ್ಲಾ ದೇವರ ಚಿತ್ತ."

ಆ ಮಾತು ಕೇಳಿದರೆ ಈಗ ಮೈ ಉರಿಯುತ್ತದೆ. ನೀರೂ ಮುಟ್ಟದೆ ಉಪವಾಸವಿದ್ದು ನಿನ್ನ ಪ್ರಾಣವೊಂದನ್ನೇ ಬೇಡಿದ್ದೆವು. ಆಗುವುದಿಲ್ಲ ಎಂದಾದರೂ ಆ ದೇವರು ಹೇಳಬಹುದಿತ್ತಲ್ಲ? ಹೇಳಿದ್ದರೆ, ಆ ಕಡೆಯ ದಿನ ನಾನು ಚರ್ಚಿಗೆ ಓಡದೆ ನಿನ್ನ ಪಕ್ಕದಲ್ಲೇ ಇರುತ್ತಿದ್ದೆ.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ದೇವರಿಗೇ ನೇರವಾಗಿ ಹೇಳಿದೆ, ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ ಎಂದು. ತುಂಬಾ ಹೊತ್ತು ಬೈದೆ. ಸಾಕಾಗಿ ಎದ್ದೇಳಲು ಹೋದರೆ ಕಾಲು ಮರಗಟ್ಟಿತ್ತು ಅಕ್ಕ. ಅಷ್ಟು ಹೊತ್ತೂ ಮೊಣಕಾಲೂರಿಯೇ ಇದ್ದೆ.